ಬಾಗಿಲ ಸಂದಿಯಿಂದ ಬಂದ ಕೈ

"ಒಂದು ಕಣ್ಣು ಮುಚ್ಚಬೇಡಿ ಸಾರ್. ಎರಡೂ ಕಣ್ಣು ಬಿಟ್ಟುಕೊಂಡು ನೋಡಿ."

"ಬಿಟ್ಟುಕೊಂಡೇ ನೋಡ್ತಿದ್ದೀನಿ ಕಣಮ್ಮ. ಯಾರೋ ಮಸಿ ಕುಡಿಕೆ ಒದ್ದ ಹಾಗಿದೆ. ಇನ್ನೇನೂ ಇಲ್ಲ."

ಲ್ಯಾಬ್ ಟೆಕ್ನಿಷಿಯನ್ ಪ್ರೇಮಾ ಪಕ್ಕದಿಂದ ಕೈ ಹಾಕಿ ಮೈಕ್ರೋಸ್ಕೋಪಿನ ತಿರುಪನ್ನು ಒಂದಿಷ್ಟೇ ತಿರುಗಿಸಿದರು. ಮಂಜು ಸರಿದು ಬೆಳಕಿನ ಒಂದು ವೃತ್ತ ಸ್ಪಷ್ಟವಾಯಿತು. ಅದರೊಳಗೆ ನೇರಳೆ ಬಣ್ಣದ ಚುಕ್ಕೆಗಳು. ಚುಕ್ಕೆಗಳ ನಡುವೆ ಹರಳು ಕೂರಿಸಿದ ಉಂಗುರದಂಥ ಚಿಕ್ಕ ಚಿಕ್ಕ ಬಳೆಗಳು. ಒಂದೆರಡು ಕಡೆ ಬಾಳೆಹಣ್ಣಿನಂತೆ ಬಾಗಿದ ತುಂಡುಗಳು.

"ಆ ಉಂಗುರಗಳೇ ಮಲೇರಿಯಾ ಸಾರ್. ಬಾಳೆಹಣ್ಣಿನ ಥರ ಇರೋದು ಕಂಡರೆ ಕೆಟ್ಟ ಜಾತಿ ಅಂತ ಅರ್ಥ. ಮಿದುಳಿಗೆ ಏರೋ ಜಾತಿ."

ನನಗೆ ಜಾತಿ ಕಟ್ಟಿಕೊಂಡು ಏನಾಗಬೇಕು? ನನಗೆ ಬೇಕಾಗಿದ್ದು ರಕ್ತ ಸವರಿದ್ದ ಆ ಗಾಜಿನ ಪಟ್ಟಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದ ಹೆಸರು. ಚಿಕ್ಕಮಾದಿ. ಪಕ್ಕದಲ್ಲಿ ಆ ಶುಕ್ರವಾರದ ತಾರೀಖು. ಅಷ್ಟು ಸಾಕು, ಕೆಂಚ ಜೈಲಿನಿಂದ ಹೊರಗೆ ಬರುತ್ತಾನೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಕಾಂತರಾಜು, ಕೆ.ಆರ್. ನಗರದವನು, ಪೊಲೀಸ್ ಇಲಾಖೆಯಲ್ಲಿ ಎಎಸ್ಐ ಆಗಿ ನಿವೃತ್ತನಾದವನು. ಈಗ ಹುಣಸೂರಿನ ವಕೀಲೆ ಗೌತಮಿಗೆ ಸಾಕ್ಷಿ ಹುಡುಕಿಕೊಡುವ ಕೆಲಸ. ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿ ಹಾಡಿಯ ಕೆಂಚ ತನ್ನ ಹೆಂಡತಿ ಚಿಕ್ಕಮಾದಿಯನ್ನು ಕೊಂದನೆಂದು ಕೇಸು. ಗುರುವಾರ ಸಂಜೆ ಗಂಡಹೆಂಡಿರ ಜಗಳವನ್ನು ಇಡೀ ಹಾಡಿ ಕೇಳಿದೆ. ಶುಕ್ರವಾರ ಬೆಳಗಾಗುವ ಮುಂಚೆ ಕೆಂಚ ಕೂಲಿಯವರ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಹೋಗಿದ್ದಾನೆ. ಶನಿವಾರ ಹಾಡಿಯ ಕೆಳಗಿನ ಹಳ್ಳದಲ್ಲಿ ಚಿಕ್ಕಮಾದಿಯ ಹೆಣ, ತಲೆ ಒಡೆದಿತ್ತು. ಸತ್ತದ್ದು ಗುರುವಾರ ರಾತ್ರಿಯೇ ಎಂದು ಪೋಸ್ಟ್‌ಮಾರ್ಟಂ ಮಾಡಿದವರ ಅಂದಾಜು.

ಆದರೆ ಶುಕ್ರವಾರ ಮಧ್ಯಾಹ್ನ ಆರೋಗ್ಯ ಇಲಾಖೆಯವರು ಹಾಡಿಗೆ ಹೋಗಿ ಮನೆಮನೆಯವರ ಬೆರಳು ಚುಚ್ಚಿ ರಕ್ತ ತೆಗೆದಿದ್ದರು. ಚಿಕ್ಕಮಾದಿಯ ಹೆಸರಿನ ಗಾಜೂ ಅದರಲ್ಲಿತ್ತು. ಸತ್ತವಳು ಎದ್ದು ಬಂದು ಬೆರಳು ಚಾಚುತ್ತಾಳೆಯೇ? ಶುಕ್ರವಾರ ಮಧ್ಯಾಹ್ನ ಅವಳು ಬದುಕಿದ್ದರೆ ಕೆಂಚ ಕೊಲೆಗಾರನಲ್ಲ. ನಾಳೆ ಕೋರ್ಟಿನಲ್ಲಿ ಜಾಮೀನು ಅರ್ಜಿ. ನಮ್ಮ ಕೈಯಲ್ಲಿದ್ದದ್ದು ಇದೊಂದೇ ಗಾಜು.

"ಸರಿ ತಾಯಿ, ಇದು ಚಿಕ್ಕಮಾದಿಯ ರಕ್ತ ಅಂತ ಎರಡು ಸಾಲು ಬರೆದು ಸಹಿ ಹಾಕಿಕೊಡಿ. ನಾನು ಹೊರಡ್ತೀನಿ."

"ಒಂದ್ನಿಮಿಷ ಸಾರ್. ಇದು ದಪ್ಪ ಲೇಪ. ಅದೇ ಗಾಜಲ್ಲಿ ತೆಳು ಲೇಪ ಕೂಡ ಇದೆ. ಅದನ್ನೂ ನೋಡಿಬಿಟ್ಟರೆ ಬರೆಯೋಕೆ ಧೈರ್ಯ."

ಅವರು ಗಾಜನ್ನು ಪಕ್ಕಕ್ಕೆ ಸರಿಸಿ, ಎಣ್ಣೆಯ ಒಂದು ತೊಟ್ಟು ಬಿಟ್ಟು, ಕಣ್ಣು ಇಟ್ಟರು. ನಾನು ಕಿಟಕಿಯ ಆಚೆ ನೋಡುತ್ತ ನಿಂತೆ. ಈ ಆರೋಗ್ಯ ಕೇಂದ್ರ ಯಾವ ಊರಿನದು ಎಂದು ಹೇಳುವುದಿಲ್ಲ. ಪಾಪದ ಹೆಣ್ಣುಮಗಳ ಕೆಲಸಕ್ಕೆ ಸಂಚಕಾರ ಬರುವುದು ಬೇಡ.

ಬಹಳ ಹೊತ್ತಾಯಿತು. ಪ್ರೇಮಾ ತಲೆ ಎತ್ತಲಿಲ್ಲ. ಗಾಜನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಜರುಗಿಸುತ್ತಲೇ ಇದ್ದರು.

"ಏನು ಹುಡುಕ್ತಿದ್ದೀರಿ? ಸೂಜಿ ಬಿತ್ತಾ?"

ಅವರು ನಗಲಿಲ್ಲ. "ಸಾರ್, ಚಿಕ್ಕಮಾದಿಗೆ ಸಿಕಲ್ ಸೆಲ್ ಕಾಯಿಲೆ ಇತ್ತು."

"ಅಂದ್ರೆ?"

"ಹುಟ್ಟಿನಿಂದ ಬರೋ ಕಾಯಿಲೆ. ರಕ್ತದ ಕೆಂಪು ಕಣ ದುಂಡಗಿರಲ್ಲ, ಕುಡುಗೋಲಿನ ಥರ ಬಾಗಿಬಿಡುತ್ತೆ. ಕೀಲು ನೋವು ತಡೆಯೋಕಾಗದೆ ಬಂದಾಗೆಲ್ಲ ನಾನೇ ಅವಳ ರಕ್ತ ನೋಡಿದ್ದೀನಿ. ಪ್ರತಿ ಸಲವೂ ಕುಡುಗೋಲು ಕಾಣ್ತಿತ್ತು." ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಈ ಗಾಜಲ್ಲಿ ಒಂದೂ ಇಲ್ಲ. ಎಲ್ಲಾ ದುಂಡಗೆ ನೆಟ್ಟಗಿವೆ. ಇದು ಚಿಕ್ಕಮಾದಿ ರಕ್ತ ಅಲ್ಲ ಸಾರ್."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ನನಗೆ ಮೊದಲು ಬಂದದ್ದು ಸಿಟ್ಟು.

"ಇಷ್ಟು ದಿನ ಏನಮ್ಮ ಮಾಡ್ತಿದ್ರಿ? ನಾಳೆ ಕೋರ್ಟು ಅನ್ನುವಾಗ ನಿಮಗಿದು ಹೊಳೀತಾ?"

"ದಪ್ಪ ಲೇಪದಲ್ಲಿ ಕೆಂಪು ಕಣ ಒಡೆದು ತೊಳೆದುಹೋಗುತ್ತೆ ಸಾರ್. ಮಲೇರಿಯಾ ಕ್ರಿಮಿ ಮಾತ್ರ ಉಳಿಯುತ್ತೆ. ಅವತ್ತು ಗಾಜುಗಳ ರಾಶಿ ಬಿದ್ದಿತ್ತು. ದಪ್ಪದ್ದು ನೋಡಿ, ಮಲೇರಿಯಾ ಇದೆ ಅಂತ ಬರೆದು, ಮುಂದಿನದಕ್ಕೆ ಹೋದೆ. ಮಾರನೇ ದಿನ ಮಾತ್ರೆ ಕೊಡೋಕೆ ಹೋದರೆ ಹಳ್ಳದಲ್ಲಿ ಹೆಣ. ಸತ್ತವಳ ಗಾಜನ್ನ ಯಾರು ಮತ್ತೆ ನೋಡ್ತಾರೆ?"

"ಗಾಜು ಅದಲುಬದಲಾಗಿರಬಹುದು."

"ಇಲ್ಲ. ಹೆಸರು ಬರೆದೇ ಬೆರಳು ಚುಚ್ಚೋದು."

"ಚುಚ್ಚಿದ್ದು ಯಾರು?"

"ನಾನೇ. ಜನ ಸಾಲದು ಅಂತ ನನ್ನೂ ಕಳಿಸಿದ್ರು."

"ನೀವೇ! ಮತ್ತೆ ಚಿಕ್ಕಮಾದಿ ನಿಮಗೆ ಗುರುತಿನವಳು. ಅವತ್ತು ಅವಳ ಮುಖ ನೋಡಿದ್ರೋ ಇಲ್ಲವೋ?"

ಪ್ರೇಮಾ ತಲೆ ತಗ್ಗಿಸಿದರು. ನಾನು ಉತ್ತರಕ್ಕೆ ಕಾದೆ. ಠಾಣೆಯಲ್ಲಿ ಇಷ್ಟು ವರ್ಷ ಕಳೆದವನಿಗೆ ಕಾಯುವುದೊಂದು ಗೊತ್ತು.

"ಕೈ ನೋಡಿದೆ ಸಾರ್," ಎಂದರು ಕೊನೆಗೆ. "ಬಾಗಿಲು ಮುಚ್ಚಿತ್ತು. ಚಿಕ್ಕಮಾದಿ ಅಂತ ಕೂಗಿದೆ. ಮೈಯೆಲ್ಲ ನೋವು, ಹೊರಗೆ ಬರಕ್ಕಾಗಲ್ಲ ಅಂತ ಒಳಗಿಂದ ಅಂದ್ರು. ಬಾಗಿಲ ಸಂದಿಯಿಂದ ಒಂದು ಕೈ ಬಂತು. ಅವಳಿಗೆ ಮೈ ನೋವು ಅಂದ್ರೆ ಯಾರು ಅನುಮಾನ ಪಡ್ತಾರೆ? ಅಲ್ಲೇ ಕೂತು ಚುಚ್ಚಿದೆ."

"ಎಂಥ ಕೈ?"

"ಗಟ್ಟಿ ಕೈ. ಬೆರಳಿನ ತುದಿ ಜಡ್ಡುಗಟ್ಟಿತ್ತು, ಮೊದಲ ಸಲ ಸೂಜಿ ಇಳೀಲಿಲ್ಲ. ಮಣಿಕಟ್ಟಿನ ಹತ್ತಿರ..." ಅವರ ದನಿ ನಿಂತಿತು. "ಅಯ್ಯೋ ದೇವರೇ. ಹಚ್ಚೆ ಇತ್ತು ಸಾರ್. ಹಳೇ ಕಾಲದ ಹೆಂಗಸರು ಹಾಕಿಸಿಕೊಳ್ತಿದ್ರಲ್ಲ, ಹಸಿರು ಹಚ್ಚೆ."

ಚಿಕ್ಕಮಾದಿಯ ಹೆಣದ ಫೋಟೋಗಳನ್ನು ನಾನು ನೋಡಿದ್ದೆ. ಎರಡು ಕೈಯಲ್ಲೂ ಹಚ್ಚೆ ಇರಲಿಲ್ಲ. ಆ ಮನೆಯಲ್ಲಿ ಇನ್ನೊಬ್ಬಳೇ ಹೆಂಗಸು. ಕೆಂಚನ ತಾಯಿ ಮರಮ್ಮ.

ಅಷ್ಟರಲ್ಲಿ ಗೌತಮಿಯ ಫೋನು. "ಕಾಂತರಾಜು ಅವರೇ, ಸರ್ಟಿಫಿಕೇಟ್ ಕೈಗೆ ಬಂತಾ?"

"ಇನ್ನೂ ಇಲ್ಲ ಮೇಡಂ."

"ನೋಡಿ, ಅದಿಲ್ಲದೆ ನಾನು ನಾಳೆ ನಿಂತು ಪ್ರಯೋಜನವಿಲ್ಲ. ಕೆಂಚ ಜೈಲಲ್ಲಿ ಊಟ ಬಿಟ್ಟಿದ್ದಾನಂತೆ."

ನಿಜ ಹೇಳಿಬಿಡಲೇ? ಬಿಸಿ ತುಪ್ಪ. ಉಗುಳುವುದಕ್ಕೂ ಆಗದು, ನುಂಗುವುದಕ್ಕೂ ಆಗದು. "ಸಂಜೆ ಹೇಳ್ತೀನಿ ಮೇಡಂ" ಎಂದು ಫೋನು ಇಟ್ಟೆ.

ತಿರುಗಿ ನೋಡಿದರೆ ಪ್ರೇಮಾ ಚೀಲಕ್ಕೆ ಮಾತ್ರೆ, ಹತ್ತಿ, ಸೂಜಿಗಳನ್ನು ತುಂಬುತ್ತಿದ್ದರು.

"ನಿಮ್ಮ ಕೋರ್ಟು ಆಮೇಲೆ ಸಾರ್. ಆ ಕೈಯವಳಿಗೆ ಇವತ್ತಿನವರೆಗೂ ಒಂದು ಮಾತ್ರೆ ಹೋಗಿಲ್ಲ. ಮಲೇರಿಯಾ ಬಂದವಳು ಸತ್ತಳು ಅಂತ ನಾವು ಕೈತೊಳ್ಕೊಂಡ್ವಿ. ಬಂದವಳು ಇನ್ನೂ ಮನೇಲಿದ್ದಾಳೆ."

ಹೊರಗೆ ಜೀಪಿಗೆ ಒರಗಿಕೊಂಡು ಕೃಷ್ಣ ನಿಂತಿದ್ದ. ಕೆಂಚನ ತಮ್ಮ. ಹಾಡಿಯ ಕೂಲಿಯವರನ್ನು ಕೊಡಗಿನ ತೋಟಗಳಿಗೆ ಕರೆದೊಯ್ಯುವ ಜೀಪಿನ ಡ್ರೈವರ್ ಇವನೇ. ಅಣ್ಣನನ್ನು ಬಿಡಿಸಿ ಎಂದು ಹುಣಸೂರಿಗೆ ಅಲೆದು ಅಲೆದು ನನ್ನನ್ನು ಈ ಕೇಸಿಗೆ ಎಳೆದವನೂ ಇವನೇ. ಒಳ್ಳೆಯ ಹುಡುಗ. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಜೀಪಿನಲ್ಲಿ ಒಂದು ಡಬ್ಬಿ ಹುರಿಗಡಲೆ ಇಡುತ್ತಿದ್ದ.

"ಆಯ್ತಾ ಸಾ? ಬರ್ಕೊಟ್ರಾ?"

"ಇಲ್ಲ ಕಣೋ. ಆ ರಕ್ತ ನಿಮ್ಮತ್ತಿಗೇದಲ್ಲವಂತೆ."

ಅವನ ಮುಖ ಸಪ್ಪಗಾಯಿತು. "ಅದ್ಯಾಕ್ ಸಾ ಕೆದಕ್ತೀರಿ? ಗಾಜ್ನಾಗೆ ಹೆಸ್ರು ಅದೆ. ತಾರೀಖು ಅದೆ. ಅಷ್ಟು ಸಾಕಲ್ವಾ, ಬುಡಿ."

"ಸುಳ್ಳು ಸಾಕ್ಷಿ ಕೊಟ್ಟು ನಾನು ನಿಮ್ಮಣ್ಣನ ಪಕ್ಕದಲ್ಲೇ ಕೂತ್ಕೋಬೇಕಾ? ನಡಿ, ಹಾಡಿಗೆ ಹೋಗಬೇಕು. ನಿಮ್ಮವ್ವನ ಹತ್ತಿರ ಮಾತಾಡಬೇಕು."

"ಅವ್ವ ಇಲ್ಲ ಸಾ. ರಾವಂದೂರು ಕಡೀಕೆ ನೆಂಟ್ರ ಅಟ್ಟಿಗೆ ಓಗವ್ಳೆ."

"ಯಾವಾಗ ಬರ್ತಾಳೆ?"

"ಯಾರ್ಗ್ ಗೊತ್ತು."

ಪ್ರೇಮಾ ಆಗಲೇ ಜೀಪು ಹತ್ತಿ ಕೂತಿದ್ದರು. "ಅವ್ವ ಇಲ್ದಿದ್ರೆ ಪರವಾಗಿಲ್ಲ. ಹಾಡಿಯವರಿಗೆಲ್ಲ ಇನ್ನೊಂದು ಸಲ ರಕ್ತ ನೋಡ್ತೀನಿ. ನಡೀರಿ."

ಕೃಷ್ಣ ಒಂದು ಗಳಿಗೆ ನಿಂತ. ಆಮೇಲೆ ಹತ್ತಿ ಗಾಡಿ ಬಿಟ್ಟ. ದಾರಿಯಲ್ಲಿ ಹುರಿಗಡಲೆ ಡಬ್ಬಿಯನ್ನೂ ನನ್ನ ಕಡೆ ಚಾಚಲಿಲ್ಲ. ಅಣ್ಣ ಬಿಡುಗಡೆಯಾಗುವುದಿಲ್ಲವೆಂಬ ಸಂಕಟ ಅಂದುಕೊಂಡೆ.

ಹಂಪಾಪುರದ ಕಡೆಯಿಂದ ಹೋದರೆ ಹೊಲಗಳು ಮುಗಿದ ಮೇಲೆ ಕಾಡಿನ ರಸ್ತೆ. ಅಲ್ಲಿ ಫೋನಿನ ಸಿಗ್ನಲ್ ಗೆರೆಗಳೆಲ್ಲ ಒಂದೊಂದಾಗಿ ಸಾಯುತ್ತವೆ. ಅದರಾಚೆ ಹಾಡಿ. ಆನೆ ಕಂದಕ, ಮುರಿದ ಸೋಲಾರ್ ತಂತಿ, ಸಿಮೆಂಟು ಶೀಟಿನ ಮನೆಗಳು. ಮಧ್ಯಾಹ್ನದ ಹೊತ್ತು, ದುಡಿಯುವವರು ಯಾರೂ ಊರಲ್ಲಿರಲಿಲ್ಲ.

ಕೆಂಚನ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

"ನೋಡುದ್ರಾ ಸಾ? ಯಾರೂ ಇಲ್ಲ."

ಪ್ರೇಮಾ ಬಾಗಿಲಿಗೆ ಕಿವಿ ಕೊಟ್ಟರು. ನಾನೂ ಕೊಟ್ಟೆ. ಒಳಗಿನಿಂದ ಕಟಕಟ ಎಂದು ಹಲ್ಲು ಕಡಿಯುವ ಸದ್ದು ಬರುತ್ತಿತ್ತು.

ನಾನು ಚಿಲಕ ಎಳೆದು ಒಳಗೆ ನುಗ್ಗಿದೆ. ಮೂಲೆಯಲ್ಲಿ ಕಂಬಳಿ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಒಂದು ಹಳೆಯ ಸೀರೆ. ಅಷ್ಟರ ಕೆಳಗೆ ಮರಮ್ಮ. ಮೈ ಕೆಂಡವಾಗಿದ್ದರೂ ಗಡಗಡ ನಡುಗುತ್ತಿದ್ದಳು. ಕಣ್ಣು ಅರಿಶಿನ ಬಳಿದಂತಾಗಿತ್ತು. ಕೈ ಹೊರಗೆ ಬಿದ್ದಿತ್ತು. ಮಣಿಕಟ್ಟಿನ ಮೇಲೆ ಹಸಿರು ಹಚ್ಚೆ.

"ಲೋ ಮುಠ್ಠಾಳ!" ಎಂದು ನಾನು ಕೃಷ್ಣನ ಕೊರಳಪಟ್ಟಿ ಹಿಡಿದೆ. "ಹೆತ್ತ ತಾಯಿ ಹಿಂಗೆ ಬಿದ್ದಿದ್ದಾಳೆ, ರಾವಂದೂರಂತೆ ರಾವಂದೂರು! ಬಾಗಿಲಿಗೆ ಬೇರೆ ಚಿಲಕ!"

"ಆಸ್ಪತ್ರೆ ಬ್ಯಾಡ ಅಂತ ಆಣೆ ಆಕಿಸ್ಕಂಡವ್ಳೆ ಸಾ. ಯಾರ್ಗೂ ಏಳ್ಬ್ಯಾಡ ಅಂದ್ಲು. ನಾ ಏನ್ ಮಾಡ್ಲಿ?" ಅವನ ಕಣ್ಣಲ್ಲಿ ನೀರು ಬಂತು.

ಪ್ರೇಮಾ ಮರಮ್ಮನ ಬೆರಳು ಚುಚ್ಚಿ ಒಂದು ಹನಿಯನ್ನು ಮಲೇರಿಯಾವನ್ನು ಅಲ್ಲೇ ತೋರಿಸುವ ಪಟ್ಟಿಗೆ ಹಾಕಿದರು, ಇನ್ನೊಂದನ್ನು ಗಾಜಿಗೆ ಸವರಿದರು. ಸ್ವಲ್ಪ ಹೊತ್ತಿಗೆ ಪಟ್ಟಿಯ ಮೇಲೆ ಎರಡು ಕೆಂಪು ಗೆರೆ ಮೂಡಿದವು.

"ಅದೇ ಸಾರ್. ಅದೇ ಜಾತಿ. ಮಿದುಳಿಗೆ ಏರ್ತಿದೆ ಅನ್ಸುತ್ತೆ. ಮಾತ್ರೆ ನುಂಗೋ ಸ್ಥಿತೀಲಿಲ್ಲ, ಇಂಜೆಕ್ಷನ್ನೇ ಬೇಕು. ಅದು ದೊಡ್ಡಾಸ್ಪತ್ರೇಲಿದೆ. ಫೋನು ಸಿಗೋ ಜಾಗಕ್ಕೆ ಹೋಗಿ ಆಂಬುಲೆನ್ಸ್ ಕರೆದು ಕಾಯೋದಕ್ಕಿಂತ ಈ ಜೀಪೇ ವಾಸಿ."

ಕೃಷ್ಣನನ್ನು ಜೀಪು ತಿರುಗಿಸಿಕೊಂಡು ಬಾ ಎಂದು ಕಳಿಸಿದೆ. ಅವನು ಹೊರಗೆ ಹೋದ ಮೇಲೆ ಮರಮ್ಮನ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಕಾಯಿಲೆಯವಳನ್ನು ಪ್ರಶ್ನೆ ಕೇಳುವುದು ಪಾಪವೆಂದು ಗೊತ್ತು. ಆದರೆ ನಾಳೆ ಕೋರ್ಟು.

"ಮರಮ್ಮ, ನಾನು ಕೆಂಚನ ಪರವಾಗಿ ಬಂದೋನು. ಆ ಶುಕ್ರವಾರ ಬಾಗಿಲ ಸಂದೀಲಿ ಕೈ ಚಾಚಿದ್ದು ನೀನೇ ಅಲ್ವಾ?"

ಅವಳು ಕಣ್ಣು ಬಿಟ್ಟಳು. ಕೆಂಚನ ಹೆಸರಿಗೆ ಅಷ್ಟು ಶಕ್ತಿಯಿತ್ತು.

"ಊಂ ಸಾಮಿ."

"ಸೊಸೆ ಹೆಸರಲ್ಲಿ ಯಾಕೆ ಕೊಟ್ಟೆ?"

"ಅವ್ಳು ಅಟ್ಟೀಲಿರ್ನಿಲ್ಲ. ಎಲ್ಲಿ ಅಂತ ಕೇಳ್ತಾರಲ್ಲ. ನಾನಿಲ್ಲ ಅಂದ್ರೆ ಸೊಪ್ಪಿಗೆ ಓಗವ್ಳೆ ಅಂತ ನಡೀತದೆ. ಅವ್ಳು ಇಲ್ಲ ಅಂದ್ರೆ ನಡೀತದಾ?"

"ಅಂದ್ರೆ ಅಷ್ಟೊತ್ತಿಗೆ ಅವಳು ಹಳ್ಳದಲ್ಲಿದ್ದಳು. ನಿನಗೆ ಗೊತ್ತಿತ್ತು."

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಪ್ರೇಮಾ ಹತ್ತಿ ಅದ್ದಿ ನೀರು ಹಿಂಡಿದರು.

"ಕೆಂಚ ಹೊಡೆದನಾ?"

"ಇಲ್ಲ!" ಅಷ್ಟು ಹೊತ್ತಿನಿಂದ ಪಿಸುಗುಟ್ಟುತ್ತಿದ್ದವಳು ಕೂಗಿದಳು. "ಕೆಂಚ ಬೈತಾನೆ, ಕೈ ಎತ್ತಾಕಿಲ್ಲ. ಜಗಳ ಆಡಿ ಉಣ್ದೆ ಮನಿಕ್ಕಂಡಿದ್ದ. ಅವ್ನ್ಗೆ ಏನೇನೂ ಗೊತ್ತಿಲ್ಲ. ಎಂಡ್ರು ಮನಗವ್ಳೆ ಅಂತ್ಲೇ ತಿಳ್ಕಂಡು ಜೀಪ್ ಅತ್ತಿ ಓದ."

"ಹಾಗಾದ್ರೆ ಅದನ್ನ ಜಡ್ಜಿನ ಮುಂದೆ ಹೇಳ್ತೀಯಾ?"

"ಏಳುದ್ರೆ, ಮತ್ಯಾರು ಅಂತ ಕೇಳ್ತಾರಲ್ಲ ಸಾಮಿ."

"ಕೇಳ್ತಾರೆ."

"ಅದ್ಕೇ ನಾ ಸಾಯ್ಬೇಕು. ಬುಟ್ಬುಡಿ ನನ್ನ."

ನಾನು ಪ್ರೇಮಾ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮಗನನ್ನು ಬಿಡಿಸುವ ಮಾತು ಬಾಯಲ್ಲಿಟ್ಟುಕೊಂಡು ಈ ತಾಯಿ ಬೇಕೆಂದೇ ಜ್ವರದಲ್ಲಿ ಸಾಯುತ್ತ ಮಲಗಿದ್ದಾಳೆ. ಯಾರನ್ನು ಕಾಯುತ್ತಿದ್ದಾಳೆ? ಯಾರಾದರೂ ಜಮೀನ್ದಾರ ಹೆದರಿಸಿದ್ದಾನೆಯೇ? ಯಾವನಾದರೂ ಮೇಸ್ತ್ರಿಯೇ? ನನ್ನ ತಲೆ ಏನೇನೋ ಲೆಕ್ಕ ಹಾಕಿತು. ಕಣ್ಣೆದುರಿಗಿದ್ದದ್ದನ್ನು ಬಿಟ್ಟು ಊರೆಲ್ಲ ತಿರುಗಿತು.

ಒಂದು ಮಾತ್ರ ಖಚಿತವಾಗಿತ್ತು. ಗಾಜು ಹೋಯಿತು, ಸರಿ. ಗಾಜಿಗಿಂತ ದೊಡ್ಡ ಸಾಕ್ಷಿ ಇಲ್ಲಿ ಮಲಗಿದೆ. ಇವಳು ಬದುಕಿದರೆ ಕೆಂಚ ಬದುಕುತ್ತಾನೆ. ಇವಳು ಸತ್ತರೆ ಅವನ ಕಥೆಯೂ ಮುಗಿಯಿತು.

ಕೃಷ್ಣ ಬಂದು ತಾಯಿಯನ್ನು ಎರಡು ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡ. "ಅವ್ವ, ಏನೂ ಆಗಾಕಿಲ್ಲ, ಇರು" ಎನ್ನುತ್ತ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಪ್ರೇಮಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಮುಂದೆ ಕೂತೆ.

ಈ ಸಲ ಅವನು ಗಾಡಿಯನ್ನು ಹಾರಿಸಿಕೊಂಡೇ ಹೋದ. ಹಳ್ಳ ದಿಣ್ಣೆ ನೋಡಲಿಲ್ಲ. ತಾಯಿಯ ಮೇಲಿನ ಅವನ ಪ್ರೀತಿಯ ಬಗ್ಗೆ ನನಗೆ ಇವತ್ತಿಗೂ ಅನುಮಾನವಿಲ್ಲ.

ಕಾಡಿನ ನಡುವೆ ಬಂದಾಗ ಹಿಂದಿನಿಂದ ಮರಮ್ಮನ ದನಿ ಕೇಳಿತು. ನಡುಕ ನಿಂತಿತ್ತು. ನೆಟ್ಟಗೆ ಎದುರಿಗೆ, ಡ್ರೈವರ್ ಸೀಟಿನ ಬೆನ್ನಿನ ಕಡೆ ನೋಡುತ್ತಿದ್ದಳು.

"ಯಾಕ್ಲಾ ತಳ್ದೆ ಅವ್ಳ್ನ?"

"ಏನಮ್ಮ?" ಎಂದರು ಪ್ರೇಮಾ.

"ಅತ್ತಿಗೆ ಅಂದ್ರೆ ತಾಯಿ ಸಮ ಕಣ್ಲಾ. ಅವ್ಳ ಮೈ ಮುಟ್ಟಿದ್ದಲ್ದೆ, ಅಣ್ಣನ ತಾವ ಬಾಯ್ ಬುಡ್ತಾಳೆ ಅಂತ ತಳ್ಬುಡದಾ? ನಾನು ಅವ್ಳ ಕಾಲ್ ಇಡ್ಕತಿದ್ದೆ, ಬಾಯ್ ಬುಡ್ಬ್ಯಾಡ ಅಂತಿದ್ದೆ... ಅಂಗಿ ಬಿಚ್ಚು. ರಕ್ತ ಆಗದೆ. ನಾ ಒಗ್ದಾಕ್ತೀನಿ." ಅವಳ ಕೈ ಗಾಳಿಯಲ್ಲಿ ಏನನ್ನೋ ಕಿತ್ತುಕೊಳ್ಳುತ್ತಿತ್ತು. "ಒತ್ತಾರೆ ಜೀಪ್ ತಕ್ಕಂಡ್ ಓಗ್ಬುಡು. ಎಂದಿನಂಗೆ ಓಗು. ಅಣ್ಣಂಗೆ ಏಳ್ಬ್ಯಾಡ. ಕೇಳ್ದೋರ್ಗೆ ಮನಗವ್ಳೆ ಅಂತೀನಿ. ಅಳ್ಬ್ಯಾಡ್ವೋ ಕೃಷ್ಣ. ನಾನಿವ್ನಿ."

ಜೀಪಿನ ವೇಗ ಇಳಿಯಿತು.

ನಾನು ಪಕ್ಕಕ್ಕೆ ತಿರುಗಲಿಲ್ಲ. ತಿರುಗಲು ಧೈರ್ಯ ಬರಲಿಲ್ಲ. ಅಣ್ಣನನ್ನು ಕರೆದೊಯ್ದ ಜೀಪು, ಆ ಗಾಜಿನ ಹೆಸರೇ ಸಾಕು ಎಂದ ಮಾತು, ಹೊರಗಿನಿಂದ ಹಾಕಿದ ಚಿಲಕ, ಎಲ್ಲ ಒಟ್ಟಿಗೆ ತಲೆಗೆ ಬಂದು ಕೂತವು. ಆ ಗಾಜು ಬದುಕಿಸುತ್ತಿದ್ದದ್ದು ಅಣ್ಣನೊಬ್ಬನನ್ನೇ ಅಲ್ಲ. ಅದೇ ಜೀಪು ಓಡಿಸಿಕೊಂಡು ಆ ಶುಕ್ರವಾರ ಕೊಡಗಿಗೆ ಹೋಗಿದ್ದ ತಮ್ಮನನ್ನೂ.

ಗಾಡಿ ರಸ್ತೆಯ ಪಕ್ಕಕ್ಕೆ ಹೋಗಿ ನಿಂತಿತು. ಎಂಜಿನ್ ಆರಿತು. ಸುತ್ತ ತೇ‌ಗದ ಮರಗಳು, ಒಂದು ನರಪಿಳ್ಳೆಯೂ ಇಲ್ಲ.

"ಅವ್ವ ಜ್ವರ್ದಾಗೆ ಬಡಬಡಿಸ್ತಾವ್ಳೆ," ಎಂದ ಕೃಷ್ಣ. ಕೈ ಇನ್ನೂ ಸ್ಟೇರಿಂಗ್ ಮೇಲಿತ್ತು. "ನೀವೇನಾರ ಕೇಳುಸ್ಕಂಡ್ರಾ ಸಾ?"

"ಇಲ್ಲ ಕಣಪ್ಪ. ಗಾಡಿ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ನಡಿ, ಹೊತ್ತಾಗುತ್ತೆ."

ಸುಳ್ಳು ಕೇಳಿ ನನಗೆ ಅಭ್ಯಾಸ, ಹೇಳಿ ಅಭ್ಯಾಸವಿಲ್ಲ. ಅವನು ಕನ್ನಡಿಯಲ್ಲಿ ಪ್ರೇಮಾ ಮುಖ ನೋಡಿದ. ಅವರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಕೇಳೈತೆ," ಎಂದ ಅವನು. "ಇಬ್ರಿಗೂ ಕೇಳೈತೆ."

"ಕೃಷ್ಣ, ನೋಡಪ್ಪ..."

"ನಿಮ್ ತಾವ ಬಂದು ಅಣ್ಣನ್ನ ಬುಡ್ಸಿ ಅಂತ ಕಾಲ್ ಇಡ್ಕಂಡ್ನಲ್ಲ ಸಾ, ಅದು ನಾಟ್ಕ ಅಲ್ಲ. ನಂಗೆ ನಿಜ್ವಾಗ್ಲೂ ಅವ್ನು ಬರ್ಬೇಕಿತ್ತು. ಅವ್ನೂ ಬರ್ಬೇಕು, ನಾನೂ ಓಗ್ಬಾರ್ದು. ಆ ಗಾಜಿದ್ದಿದ್ರೆ ಆಯ್ತಿತ್ತು. ನೀವು ಯಾಕಾದ್ರೂ ಎರಡ್ನೇ ಸಲ ನೋಡುದ್ರೋ ಮೇಡಂ."

ಅವನ ಮೇಲೆ ನನಗೆ ಅಸಹ್ಯ ಬರಬೇಕಿತ್ತು. ಬಂದದ್ದು ದುಃಖ. ಥೂ, ಈ ಕೆಲಸಕ್ಕೆ ಬೆಂಕಿ ಬೀಳಲಿ!

"ಅದೆಲ್ಲ ಆಮೇಲೆ ಕಣೋ," ಎಂದೆ. "ಈಗ ನಿನ್ನವ್ವ ಸಾಯ್ತಿದ್ದಾಳೆ. ಇಂಜೆಕ್ಷನ್ ಬಿದ್ದರೆ ಬದುಕಬಹುದು. ಮೊದಲು ಅವಳು ಬದುಕಲಿ. ಗಾಡಿ ಬಿಡು."

ಅವನು ಹಿಂದಕ್ಕೆ ತಿರುಗಿ ತಾಯಿಯನ್ನು ನೋಡಿದ. ತಲೆ ಆಡಿಸಿದ. ಕೈ ಕೀಲಿಯ ಮೇಲೆ ಹೋಯಿತು. ಬಿಡುತ್ತಾನೆ ಎಂದುಕೊಂಡೆ. ನಿಜವಾಗಿ ಬಿಡುತ್ತಿದ್ದ.

"ಬ್ಯಾಡ ಮಗ."

ಮರಮ್ಮ. ಬಡಬಡಿಕೆಯ ದನಿಯಲ್ಲ. ಜ್ವರ ಒಂದು ಗಳಿಗೆ ಅವಳನ್ನು ಬಿಟ್ಟಿತ್ತು. ತಾನೇನು ಆಡಿಬಿಟ್ಟೆನೆಂದು ನಮ್ಮ ಮುಖಗಳಿಂದಲೇ ತಿಳಿದುಕೊಂಡಿದ್ದಳು.

"ಕೀ ತಗೀ. ನಾನು ಬದುಕುದ್ರೆ ಇವ್ರು ನನ್ ಬಾಯ್ ಬುಡುಸ್ತಾರೆ. ಒಬ್ಬ ಒಳಗವ್ನೆ. ಇನ್ನೊಬ್ಬನ್ನೂ ನನ್ ಬಾಯಿಂದ್ಲೇ ಕೊಡ್ಲಾ? ಇಲ್ಲೇ ಇರ್ತೀನಿ. ನೀ ಓಗು."

"ಅವ್ವಾ, ಅಂಗನ್ಬ್ಯಾಡ..."

"ಓಗ್ಲಾ ಅಂದೆ!"

ಕೃಷ್ಣ ಕೀಲಿ ಎಳೆದ. ನಾನು ಅವನ ಮುಂಗೈ ಹಿಡಿದೆ. ಅವನು ಬಿಡಿಸಿಕೊಂಡ ರಭಸಕ್ಕೆ ನನ್ನ ತಲೆ ಬಾಗಿಲಿಗೆ ಬಡಿಯಿತು. ಕಣ್ಣು ಬಿಡುವಷ್ಟರಲ್ಲಿ ಅವನು ಇಳಿದು ರಸ್ತೆ ದಾಟಿದ್ದ. ಕೀಲಿ ಮುಷ್ಟಿಯಲ್ಲಿತ್ತು.

ನಾನು ಫೋನು ತೆಗೆದೆ. ಒಂದು ಗೆರೆಯೂ ಇಲ್ಲ.

ಲಂಟಾನದ ಪೊದೆಗಳ ಅಂಚಿಗೆ ಹೋದ ಕೃಷ್ಣ ಅಲ್ಲಿ ನಿಂತುಬಿಟ್ಟ. ಎರಡು ಹೆಜ್ಜೆ ಇಟ್ಟರೆ ಕಾಡು ಅವನನ್ನು ನುಂಗುತ್ತಿತ್ತು. ಅಲ್ಲೇ ಹುಟ್ಟಿ ಬೆಳೆದವನನ್ನು ಅಲ್ಲಿ ಹುಡುಕಿ ಹಿಡಿಯುವ ಪೊಲೀಸ್ ಇನ್ನೂ ಹುಟ್ಟಿಲ್ಲ.

"ಓಡ್ಲಾ," ಎಂದಳು ಮರಮ್ಮ. ಅವನಿಗೆ ಕೇಳುವಷ್ಟು ದನಿ ಅವಳಲ್ಲಿ ಉಳಿದಿರಲಿಲ್ಲ.

"ಸಾರ್," ಪ್ರೇಮಾ ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟು ತಡಕಾಡುತ್ತಿದ್ದರು. "ಸಾರ್, ನಾಡಿ ಸಿಗ್ತಿಲ್ಲ."

"ಕೃಷ್ಣಾ!" ನಾನು ಗಂಟಲು ಹರಿಯುವಂತೆ ಕೂಗಿದೆ. "ಕೀ ತಾರೋ! ನಿನ್ನವ್ವ ಹೋಗ್ತಾಳೋ!"

ಅವನು ಓಡಲೂ ಇಲ್ಲ, ತಿರುಗಲೂ ಇಲ್ಲ.